ಯಜಮಾನರ ಪರವಾಗಿ ಚಂದ್ರಪ್ರಭಾ

ಜಪಾನಿನ ಎಡೋಗಾವಾದ ಆ ಬೀದಿಯಲ್ಲಿ ಬೆಳಗಿನ ತಿಂಡಿ ಮುಗಿಯುವ ಹೊತ್ತಿಗೆ ಒಂದು ಹೆಣ್ಣು ದನಿ ಕೇಳಿಸುತ್ತದೆ. ಪುಟ್ಟ ಬಿಳಿ ಟ್ರಕ್ಕಿನ ನೆತ್ತಿಯ ಮೇಲಿರುವ ಧ್ವನಿವರ್ಧಕದಿಂದ ಬರುವ ದನಿ. ಆತುರವಿಲ್ಲ, ಏರಿಳಿತವಿಲ್ಲ, ಮಗುವನ್ನು ತಟ್ಟಿ ಮಲಗಿಸುವಾಗಿನ ಹದ. ಮೊದಲ ದಿನ ಅದನ್ನು ಕೇಳಿ, ಯಾವುದೋ ದೇವಸ್ಥಾನದ ಪ್ರಾರ್ಥನೆ ಇರಬೇಕೆಂದು ನಾನೂ ನನ್ನ ಗೆಳತಿ ಸ್ಪಂದನಾಳೂ ಬಾಲ್ಕನಿಯಲ್ಲಿ ಕೈಮುಗಿದು ನಿಂತೆವು. ನಾವು ಉಳಿದಿದ್ದ ಮನೆಯ ಮಗಳು ಶರಣ್ಯಾ ಹಲ್ಲುಜ್ಜುತ್ತಲೇ ಬಂದು ಅರ್ಥ ಹೇಳಿದಳು.

"ಹಳೇ ಟಿವಿ, ಫ್ರಿಜ್, ವಾಷಿಂಗ್ ಮಷೀನ್ ಇದ್ರೆ ಕೊಡಿ. ಬ್ರೋಕನ್ ಆದ್ರೂ ಓಕೆ. ದಟ್ಸ್ ಆಲ್."

ಗುಜರಿ ಗಾಡಿ. ಕೈ ಕೆಳಗಿಳಿಸಿದೆವು. ಆದರೂ, ಮುರಿದಿದ್ದರೂ ಪರವಾಗಿಲ್ಲ ಎಂದು ಇಷ್ಟು ಮೆತ್ತಗೆ ನಮಗೆ ಆವರೆಗೆ ಯಾರೂ ಹೇಳಿರಲಿಲ್ಲ.

ನಾವಿದ್ದದ್ದು ಚಂದ್ರಪ್ರಭಾ ಅವರ ಮನೆಯಲ್ಲಿ. ಅರಸೀಕೆರೆ ಕಡೆಯ ನಮ್ಮ ಕಾಲೇಜಿನ 'ಚಿಗುರು ಸಾಂಸ್ಕೃತಿಕ ಬಳಗ' ವಿದೇಶೀ ವಿಶ್ವವಿದ್ಯಾಲಯಗಳೊಂದಿಗೆ ವಿನಿಮಯ ನಡೆಸಲು ಜಪಾನಿಗೆ ಬಂದಿತ್ತು. ವಿದ್ಯಾರ್ಥಿ ಬಳಗವಾದ್ದರಿಂದ ತಂಡದಲ್ಲಿ ವಿದ್ಯಾರ್ಥಿಗಳಿಗೂ ಅವಕಾಶವಿತ್ತು. ಒಂಬತ್ತು ಜನ ಬಂದಿದ್ದೆವು. ಉಳಿದವರು ಕಾಲೇಜು ನಡೆಸುವ ಟ್ರಸ್ಟಿನ ಅಧ್ಯಕ್ಷರೂ ಬಳಗದ ಗೌರವಾಧ್ಯಕ್ಷರೂ ಆದ ಪದ್ಮನಾಭ ಸರ್, ಅವರ ಪತ್ನಿ, ಮತ್ತು 'ಸಾಂಸ್ಕೃತಿಕ ಸಲಹೆಗಾರ'ರಾದ ಅವರ ಭಾವಮೈದ. ಸಲಹೆಗಾರರಿಗೆ ಗೊರಕೆಯ ಅಭ್ಯಾಸವಿದ್ದು ಪ್ರತ್ಯೇಕ ಕೋಣೆ ಬೇಕಾಗಿತ್ತು. ಹೋಟೆಲಿನಲ್ಲಿ ನಮ್ಮಿಬ್ಬರಿಗೆಂದು ಇದ್ದ ಕೋಣೆ ಅವರಿಗೆ ಹೋಯಿತು, ನಾವು ಚಂದ್ರಪ್ರಭಾ ಅವರ ಮನೆಗೆ ಹೋದೆವು. ಇಡೀ ಪ್ರವಾಸದಲ್ಲಿ ಸಲಹೆಗಾರರಿಂದ ಸಂಸ್ಕೃತಿಗೆ ಆದ ಏಕೈಕ ಲಾಭ ಅದು.

ನಮ್ಮ ಕರಪತ್ರದಲ್ಲಿ ಮೂರು ವಿಶ್ವವಿದ್ಯಾಲಯಗಳ ಹೆಸರಿದ್ದವು. ಮೊದಲನೆಯದರ ಗೇಟಿನ ಮುಂದೆ ಫೋಟೋ ತೆಗೆಸಿಕೊಂಡೆವು. ಎರಡನೆಯದರ ಕ್ಯಾಂಟೀನಿನಲ್ಲಿ ಮೊಟ್ಟೆಯಿಲ್ಲದ್ದು ಏನಾದರೂ ಸಿಗುತ್ತದೆಯೇ ಎಂದು ವಿಚಾರಿಸಿದೆವು. ನಿಜವಾಗಿ ಒಳಗೆ ಕರೆದು, ಸಭಾಂಗಣ ಕೊಟ್ಟು, ತನ್ನ ವಿದ್ಯಾರ್ಥಿಗಳನ್ನೂ ಕೂಡಿಸುತ್ತೇನೆ ಎಂದದ್ದು ಮೂರನೆಯದು, ಇಚಿಕಾವಾದ ಆಚೆಗಿರುವ ಒಂದು ಖಾಸಗಿ ವಿಶ್ವವಿದ್ಯಾಲಯ. ಅದನ್ನು ಒಪ್ಪಿಸಿದವರು ಚಂದ್ರಪ್ರಭಾ. ಒಪ್ಪಿಸಿದವರು ಶ್ರೀಕಂಠ ಎಂದು ಎಲ್ಲರಿಗೂ ಗೊತ್ತಿತ್ತು.

ಶ್ರೀಕಂಠ ಅವರ ಗಂಡ. ಸಾಫ್ಟ್‌ವೇರ್ ಕಂಪನಿಯೊಂದು ಅವರನ್ನು ಮೈಸೂರಿನಿಂದ ಎರಡು ವರ್ಷಕ್ಕೆಂದು ಇಲ್ಲಿಗೆ ಕಳಿಸಿತ್ತು. ಆ ಎರಡು ವರ್ಷ ಮುಗಿಯದೆ ಹನ್ನೊಂದು ವರ್ಷವಾಗಿದೆ. ಒಳ್ಳೆಯ ಮನುಷ್ಯ, ಯಾರಿಗೂ ಇಲ್ಲ ಎನ್ನುವುದಿಲ್ಲ, ಹೂಂ ಎಂದದ್ದನ್ನು ಹೆಂಡತಿಗೆ ದಾಟಿಸುತ್ತಾರೆ. ಅವರ ಸಹಪಾಠಿಯೊಬ್ಬ ಪದ್ಮನಾಭ ಸರ್ ಅವರ ಅಳಿಯ. ಆತ ಏಪ್ರಿಲಿನಲ್ಲಿ ವಾಟ್ಸಾಪ್ ಮಾಡಿದ. ಶ್ರೀಕಂಠ ಅದಕ್ಕೊಂದು ಹೆಬ್ಬೆರಳು ಒತ್ತಿ, ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, "ಚಂದ್ರಾ, ಇದನ್ನೊಂಚೂರು ನೋಡ್ಬಿಡು" ಎಂದರು. ಆ ಒಂಚೂರು ನವೆಂಬರಿನವರೆಗೆ ನಡೆಯಿತು.

ಯಾವ ವಿಶ್ವವಿದ್ಯಾಲಯದಲ್ಲಿ ಯಾರನ್ನು ಕೇಳಬೇಕು ಎಂದು ಹುಡುಕಿದ್ದು, ಫೋನ್ ಮಾಡಿದ್ದು, ತೋಜಾಯ್ ಲೈನಿನ ರೈಲು ಹತ್ತಿ ಮೂರು ಸಲ ಹೋಗಿ ಸಭಾಂಗಣದ ಮೈಕು, ಕುರ್ಚಿ, ಚಪ್ಪಲಿ ಬಿಡುವ ಜಾಗ ಎಲ್ಲ ನೋಡಿ ಬಂದದ್ದು ಅವರೇ. ಹೋದಾಗಲೆಲ್ಲ ಅಲ್ಲಿನ ಅಂತರರಾಷ್ಟ್ರೀಯ ವಿಭಾಗದ ಮೊರಿತಾ ಸಾನ್, ಎಂದರೆ ಮೊರಿತಾ ಅವರ ಮುಂದೆ ಬಗ್ಗಿ, "ಯಜಮಾನರ ಪರವಾಗಿ ಬಂದಿದ್ದೇನೆ" ಎನ್ನುತ್ತಿದ್ದರು. ಜಪಾನಿಯಲ್ಲೂ ಗಂಡನಿಗೆ ಯಜಮಾನ ಎಂಬ ಅರ್ಥದ ಮಾತೇ ಇದೆಯಂತೆ. ಎರಡು ದೇಶಗಳ ನಡುವಿನ ಸಾಂಸ್ಕೃತಿಕ ಸಾಮ್ಯವೆಂದು ಭಾಷಣಗಳಲ್ಲಿ ಹೇಳುತ್ತಾರಲ್ಲ, ನಾನು ಕಣ್ಣಾರೆ ಕಂಡದ್ದು ಅದೊಂದನ್ನೇ.

ಮೈಸೂರಿನಲ್ಲಿ ಚಂದ್ರಪ್ರಭಾ ಪಿಯು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಇಲ್ಲಿಗೆ ಬಂದಮೇಲೆ ಬಾಲ್ಕನಿಯ ಕುಂಡಗಳಲ್ಲಿ ಕರಿಬೇವು, ದೊಡ್ಡಪತ್ರೆ ಬೆಳೆಸುತ್ತಾರೆ. ಕರಿಬೇವು ಚಳಿಗಾಲದಲ್ಲಿ ಎಲೆ ಉದುರಿಸಿ, ಸತ್ತಂತೆ ನಟಿಸಿ, ವಸಂತದಲ್ಲಿ ಮತ್ತೆ ಚಿಗುರುತ್ತದೆ. ಅವರ ಬಗ್ಗೆ ಮಾತಾಡುವವರು ಆ ಗಿಡದ ಬಗ್ಗೆ ಮಾತಾಡಿ ನಿಲ್ಲಿಸುತ್ತಾರೆ. "ಶ್ರೀಕಂಠನ ಮನೇಲಿ ಕರಿಬೇವು ಸಿಗುತ್ತೆ" ಎಂಬುದು ಎಡೋಗಾವಾದಿಂದ ಉರಯಾಸುವರೆಗಿನ ಕನ್ನಡಿಗರಲ್ಲಿ ಪ್ರಸಿದ್ಧ.

ಜಪಾನಿ ಭಾಷೆ ಅವರಿಗೆ ಬಂದದ್ದು ಮಗಳ ಶಾಲೆಯಿಂದ. ಭಾರತೀಯ ಶಾಲೆಯ ಬದಲು ಪಕ್ಕದ ಸರ್ಕಾರಿ ಶಾಲೆಗೆ ಸೇರಿಸಿದ್ದರಿಂದ ತಾಯಂದಿರ ಸಭೆಗಳಿಗೆ ಹೋಗಲೇಬೇಕಾಯಿತು. ಮೊದಲ ವರ್ಷದ ಸಭೆಯೊಂದರಲ್ಲಿ ಪ್ರತಿಯೊಬ್ಬ ತಾಯಿಯೂ ಎದ್ದು ತನ್ನ ಮಗುವನ್ನು ಪರಿಚಯಿಸಬೇಕಿತ್ತು. ಒಬ್ಬಳು, ನಮ್ಮವನು ಬರೀ ಸೋಮಾರಿ ಎಂದಳು. ಇನ್ನೊಬ್ಬಳು, ನಮ್ಮವಳಿಗೆ ಹಟ ಬಿಟ್ಟರೆ ಬೇರೇನೂ ಬಾರದು ಎಂದಳು. ಇಷ್ಟು ಅಯೋಗ್ಯ ಮಕ್ಕಳ ನಡುವೆ ತನ್ನ ಮಗಳಿರುವುದಕ್ಕೆ ಮರುಗುತ್ತ ಚಂದ್ರಪ್ರಭಾ ಎದ್ದು, "ನನ್ನ ಮಗಳು ತುಂಬ ಜಾಣೆ, ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ" ಎಂದರು. ಟೀಚರು ಬಹಳ ಹೊತ್ತು ಮುಗುಳ್ನಕ್ಕರು.

ಅವತ್ತು ಜೊತೆಯಲ್ಲಿ ನಡೆದು ಬಂದ ಕೆಳಮನೆಯ ಅಜ್ಜಿ ಹಮಾದಾ ಸಾನ್ ದಾರಿಯುದ್ದಕ್ಕೂ ಪಾಠ ಹೇಳಿದರು. ಮನೆಯವರನ್ನು ಹೊರಗಿನವರ ಮುಂದೆ ಹೊಗಳಬಾರದು. ಹೊಸಿಲು ದಾಟಿದ ಕೂಡಲೇ ಗಂಡ ದಡ್ಡ, ಮಕ್ಕಳು ಸೋಮಾರಿ, ಕೈಯಡುಗೆ ಸಪ್ಪೆ. ಹಾಗೆ ಹೇಳಿದರೆ ಕೇಳುವವರು ತಾವಾಗಿಯೇ ತಿಳಿದುಕೊಳ್ಳುತ್ತಾರೆ, ಇವರದು ಒಳ್ಳೆಯ ಮನೆತನ ಎಂದು.

ಮೈಸೂರಿನ ಹೆಂಗಸಿಗೆ ಇದು ಹೊಸ ವಿದ್ಯೆಯೇನಲ್ಲ. ಏಳು ಬಗೆ ಮಾಡಿಟ್ಟು, "ಏನೂ ಮಾಡಿಲ್ಲ, ಬರೀ ಅನ್ನ ಸಾರು, ಬನ್ನಿ" ಎನ್ನುವ ಊರು ಅದು. ಚಂದ್ರಪ್ರಭಾ ಬೇಗ ಕಲಿತರು, ಕಲಿಸಿದವರನ್ನೂ ಮೀರಿಸಿದರು. ತಮ್ಮನ್ನೂ ತಮ್ಮವರನ್ನೂ ಎಷ್ಟು ಬೇಕಾದರೂ ಇಳಿಸಿ ಮಾತಾಡುವುದರಲ್ಲಿ ಅವರಷ್ಟು ನುರಿತ ವಿದೇಶೀ ಹೆಂಗಸು ಆ ಬಡಾವಣೆಯಲ್ಲೇ ಇಲ್ಲ ಎಂದು ಹಮಾದಾ ಸಾನ್ ಸರ್ಟಿಫಿಕೇಟು ಕೊಟ್ಟಿದ್ದಾರೆ.

ಕಾರ್ಯಕ್ರಮದ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ನಾನು ತೆಂಗಿನಕಾಯಿ ಚೂರು ಮಾಡಿ ಮಿಕ್ಸಿಗೆ ಹಾಕುತ್ತಿದ್ದೆ. ಅವರು ತಂಡಕ್ಕೆಲ್ಲ ಪುಳಿಯೋಗರೆ ಕಲಸುತ್ತಿದ್ದರು. ಕೈ ಯಾಕೋ ಮತ್ತೆ ಮತ್ತೆ ನಿಲ್ಲುತ್ತಿತ್ತು.

"ಹುಷಾರಿಲ್ವಾ ಅಕ್ಕ?"

"ಹುಷಾರಾಗೇ ಇದೀನಿ ನಿಧಿ. ಯಾರಿಗೂ ಹೇಳ್ಬೇಡ, ಆಯ್ತಾ? ಹೋದ್ಸಲ ಕ್ಯಾಂಪಸ್‌ಗೆ ಹೋದಾಗ ಮೊರಿತಾ ಸಾನ್ ಒಂದ್ ಮಾತು ಹೇಳಿದ್ರು. ಮುಂದಿನ ಏಪ್ರಿಲ್‌ನಿಂದ ಇಂಡಿಯಾದ ಸ್ಟೂಡೆಂಟ್ಸ್‌ನ ನೋಡ್ಕೊಳಕ್ಕೆ ಅವ್ರ ಆಫೀಸಿಗೆ ಒಬ್ರು ಕೋಆರ್ಡಿನೇಟರ್ ಬೇಕಂತೆ. ಈ ಪ್ರೋಗ್ರಾಂ ಹೇಗಾಗತ್ತೆ ನೋಡಿ ಡಿಸೈಡ್ ಮಾಡ್ತಾರಂತೆ."

"ಅಂದ್ರೆ ನಿಮಗೇ!"

"ಶ್! ಹಾಗಂತ ಹೇಳ್ಲಿಲ್ಲ. ಆದ್ರೆ ನನ್ನ ಮುಖ ನೋಡ್ಕೊಂಡೇ ಹೇಳಿದ್ರು." ಪುಳಿಯೋಗರೆಯ ಮೇಲೆ ಎಣ್ಣೆ ಸುರಿಯುತ್ತ ಅವರು ನಕ್ಕರು. "ಒಂದು ಮೇಜು ಕೊಡ್ತಾರೆ ಕಣೆ. ಅಲ್ಲಿ ಎಲ್ಲರ ಮೇಜಿನ ಮೇಲೂ ಹೆಸರಿನ ಬೋರ್ಡಿದೆ, ಸಣ್ಣದು, ಮರದ್ದು. ಹನ್ನೊಂದು ವರ್ಷದಲ್ಲಿ ಈ ದೇಶದಲ್ಲಿ ನನ್ನ ಹೆಸರು ಯಾವುದರ ಮೇಲಾದ್ರೂ ಇರೋದು ಅಂದ್ರೆ ಆಸ್ಪತ್ರೆ ಕಾರ್ಡ್ ಮೇಲೆ."

"ನನಗೆ ಆ ಕೆಲಸ ಬೇಕು ಅಂತ ಸೀದಾ ಕೇಳ್ಬಿಡಿ ಅಕ್ಕ."

"ಇಲ್ಲಿ ಹಾಗೆ ಕೇಳಲ್ಲ ಮರಿ. ಕೆಲ್ಸ ಮಾಡ್ತಾ ಇರ್ಬೇಕು, ಅವ್ರೇ ಗಮನಿಸ್ತಾರೆ."

"ಮೈಸೂರಲ್ಲಾಗಿದ್ರೆ?"

ಅವರು ಪುಳಿಯೋಗರೆಯನ್ನು ಮತ್ತೊಮ್ಮೆ ಮಗುಚಿದರು. "ಅಲ್ಲೂ ಕೇಳ್ತಿರ್ಲಿಲ್ಲ."

ಅಷ್ಟರಲ್ಲಿ ಶ್ರೀಕಂಠ ಟೈ ಕಟ್ಟಿಕೊಳ್ಳುತ್ತ ಬಂದು, ಒಂದು ತುತ್ತು ಪುಳಿಯೋಗರೆ ಬಾಯಿಗೆ ಹಾಕಿಕೊಂಡರು. "ಉಪ್ಪು ಒಂದು ಪಾಯಿಂಟ್ ಕಮ್ಮಿ. ಚಂದ್ರಾ, ನಾನು ಹಾಫ್ ಡೇ ಹಾಕಿ ಡೈರೆಕ್ಟ್ ಅಲ್ಲಿಗೇ ಬರ್ತೀನಿ. ನಂದೇನಾದ್ರೂ ಕೆಲ್ಸ ಇದ್ಯಾ?"

"ಏನೂ ಇಲ್ಲ, ಬನ್ನಿ."

"ಗುಡ್. ಕನ್ನಡಕ್ಕೋಸ್ಕರ ಇಷ್ಟಾದ್ರೂ ಮಾಡ್ಬೇಕಲ್ವಾ" ಎಂದು ನನ್ನ ಕಡೆ ನೋಡಿ ತಲೆಯಾಡಿಸಿ ಹೊರಟರು.

ಮೊರಿತಾ ಸಾನ್ ಐವತ್ತು ದಾಟಿದ, ತೆಳ್ಳಗಿನ, ಬೂದು ಸೂಟಿನ ಮನುಷ್ಯ. ನಮ್ಮ ತಂಡ ಹೇಳಿದ ಸಮಯಕ್ಕಿಂತ ಮುಕ್ಕಾಲು ಗಂಟೆ ತಡವಾಗಿ ತಲುಪಿದಾಗಲೂ ಅವರು ಗೇಟಿನಲ್ಲೇ ನಿಂತಿದ್ದರು. ಪದ್ಮನಾಭ ಸರ್ ಸ್ಟೇಷನ್ನಿನ ಕೊಂಬಿನಿ ಅಂಗಡಿಯಲ್ಲಿ ಹಾಲು ಹಾಕಿದ ಕಾಫಿ ಹುಡುಕಿದ್ದರಿಂದ ತಡವಾಗಿತ್ತು. ಚಂದ್ರಪ್ರಭಾ ಬಸ್ಸಿನಿಂದ ಇಳಿಯುತ್ತಲೇ ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತ, ಪ್ರತಿಯೊಂದು ಕ್ಷಮೆಗೂ ಒಮ್ಮೆ ಬಗ್ಗುತ್ತ ಗೇಟಿನವರೆಗೆ ಹೋದರು. ಹಿಂದೆ ಬರುತ್ತಿದ್ದ ಪದ್ಮನಾಭ ಸರ್, "ಎಷ್ಟು ವಿನಯ ನೋಡಿ ಈ ಜನರದ್ದು" ಎಂದು ಮೆಚ್ಚಿದರು.

ವೇದಿಕೆಯ ಮೇಲೆ ಎರಡು ಕುರ್ಚಿಗಳಿದ್ದವು. ನಮ್ಮಲ್ಲಿ ಎರಡು ಕುರ್ಚಿಯ ವೇದಿಕೆ ಯಾರಾದರೂ ತೀರಿಕೊಂಡಾಗ ಮಾತ್ರ ಇರುತ್ತದೆ. ಪದ್ಮನಾಭ ಸರ್ ಮುಖ ನೋಡಿ ಚಂದ್ರಪ್ರಭಾ ಮತ್ತೆ ಬಗ್ಗಿದರು. ಇನ್ನೂ ಮೂರು ಕುರ್ಚಿ ಬಂದವು. ಸಲಹೆಗಾರರಿಗೂ ಒಂದು. ಸಭಾಂಗಣದಲ್ಲಿ ಬೆಂಕಿ ಹಚ್ಚುವಂತಿಲ್ಲವೆಂದು ಚಂದ್ರಪ್ರಭಾ ಮೊದಲೇ ಬ್ಯಾಟರಿಯ ದೀಪಗಳನ್ನು ತಂದು ಹಿತ್ತಾಳೆ ಕಂಬಕ್ಕೆ ಸಿಕ್ಕಿಸಿದ್ದರು. ಆದರೂ ದೀಪ ಬೆಳಗುವ ಶಾಸ್ತ್ರಕ್ಕೆ ಕೈಯಲ್ಲಿ ಏನಾದರೂ ಬೇಕಲ್ಲ! ಪದ್ಮನಾಭ ಸರ್ ಆರಿದ ಮೇಣದಬತ್ತಿಯೊಂದನ್ನು ಹಿಡಿದು, ಆಗಲೇ ಉರಿಯುತ್ತಿದ್ದ ಪ್ಲಾಸ್ಟಿಕ್ ಜ್ವಾಲೆಗೆ ಭಕ್ತಿಯಿಂದ ತಾಗಿಸಿದರು. ಮೊರಿತಾ ಸಾನ್ ಅವರ ಕೈಗೂ ಆ ಬತ್ತಿ ಕೊಟ್ಟರು. ಅವರೂ ತಾಗಿಸಿದರು. ಸಭೆ ಚಪ್ಪಾಳೆ ತಟ್ಟಿತು. ಎಲ್ಲಿಯೂ ಏನೂ ಹೊತ್ತಿಕೊಳ್ಳಲಿಲ್ಲ.

ಆಮೇಲೆ ಪದ್ಮನಾಭ ಸರ್ ಮೈಕಿನ ಮುಂದೆ ನಿಂತು, "ಎರಡೇ ಮಾತು" ಎಂದರು. ನಮ್ಮ ತಾಲ್ಲೂಕಿನಲ್ಲಿ ಆ ಎರಡು ಮಾತಿನ ಅಳತೆ ಎಲ್ಲರಿಗೂ ಗೊತ್ತು. ನಾವು ಕೋಲಾಟದ ಸೀರೆಯಲ್ಲೇ ಗೋಡೆಗೊರಗಿ ಕುಳಿತೆವು. ನನ್ನ ಪಕ್ಕದಲ್ಲಿ ಶರಣ್ಯಾ. ಶಾಲೆ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದಳು. ಹದಿನೈದು ವರ್ಷ, ಮುಖದಲ್ಲಿ ಸದಾ ಒಂದು ದಣಿದ ಶಾಂತಿ. ಅಮ್ಮ ಜಪಾನಿಯಲ್ಲಿ ಹೇಳಿದ್ದನ್ನು ಅವಳು ನನಗೆ ಪಿಸುಗುಡುತ್ತಿದ್ದಳು.

ಪದ್ಮನಾಭ ಸರ್ ಅಂದರು: "ಹೊಯ್ಸಳರ ಕಾಲದಲ್ಲೇ ನಮ್ಮ ಭಾಗದಿಂದ ಬೌದ್ಧ ಭಿಕ್ಷುಗಳು ಈ ನಾಡಿಗೆ ಬಂದಿರಬಹುದು, ಬಂದಿಲ್ಲ ಅಂತ ಯಾರು ಹೇಳ್ತಾರೆ? ನೀವು ಇವತ್ತು ಏನು ಶಿಸ್ತು, ಸಮಯಪಾಲನೆ ಅಂತೀರೋ ಅದರ ಬೇರು ಅಲ್ಲಿದೆ. ನಾನು ನಮ್ಮ ಕಾಲೇಜಿಗೆ ಹೊಸ ಕಟ್ಟಡ ಕಟ್ಟಿಸಿದಾಗ..."

ಚಂದ್ರಪ್ರಭಾ ಗಂಭೀರವಾಗಿ ಅನುವಾದಿಸಿದರು. "ದೂರದಿಂದ ಬಂದಿದೀವಿ, ತುಂಬ ಖುಷಿಯಾಗಿದೆ ಅಂದ್ಲು" ಎಂದಳು ಶರಣ್ಯಾ.

ಕಟ್ಟಡದ ವಿಷಯ ಬಹಳ ಹೊತ್ತು ಬಂತು. ಅನುವಾದ: "ನಿಮ್ಮ ಬಿಲ್ಡಿಂಗ್ ಚೆನ್ನಾಗಿದೆ."

ಹೀಗೆ ಎರಡು ನಾಡುಗಳ ನಡುವೆ ಅಪಾರ ಸೌಹಾರ್ದ ಬೆಳೆಯುತ್ತ ಹೋಯಿತು. ಮೊರಿತಾ ಸಾನ್ ಪ್ರತಿ ಅನುವಾದಕ್ಕೂ ತಲೆಬಾಗಿಸುತ್ತಿದ್ದರು. ಬಲಗಡೆ, ಜಪಾನಿ ಚಹಾ ಶಾಸ್ತ್ರ ಮಾಡಿ ತೋರಿಸಬೇಕಿದ್ದ ಅಲ್ಲಿನ ಚಹಾ ಬಳಗದ ಹುಡುಗಿಯರು ತಮ್ಮ ಸರದಿಗಾಗಿ ಬಟ್ಟಲುಗಳ ಮುಂದೆ ಮಂಡಿಯೂರಿ ಕಾಯುತ್ತಿದ್ದರು. ನೀರು ಕುದಿದು, ಆರಿ, ಮತ್ತೆ ಕುದಿಯಿತು. ಕೊನೆಗೆ ನಮ್ಮ ಕೋಲಾಟಕ್ಕೆ ಒಂದೇ ಹಾಡಿನಷ್ಟು ಸಮಯ ಉಳಿಯಿತು, ಅವರ ಚಹಾಕ್ಕೆ ಒಂದೇ ಬಟ್ಟಲಿನಷ್ಟು. ಆ ಬಟ್ಟಲನ್ನು ಪದ್ಮನಾಭ ಸರ್ ಕುಡಿದು, ಸಕ್ಕರೆ ಕೇಳಿದರು. ಆದರೂ ಕೋಲು ಕೋಲಿಗೆ ತಾಗಿದ ಆ ಸ್ವಲ್ಪ ಹೊತ್ತು ಚೆನ್ನಾಗಿತ್ತು. ಚಹಾದ ಹುಡುಗಿಯೊಬ್ಬಳು ಮಂಡಿಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದಳು. ನಾವಿಬ್ಬರೂ ಒಮ್ಮೆ ಕಣ್ಣು ಸೇರಿಸಿ ನಕ್ಕೆವು. ಅದು ಯಾವ ವರದಿಯಲ್ಲೂ ಬರಲಿಲ್ಲ.

ಕಾರ್ಯಕ್ರಮ ಒಂದೂ ತೊಡಕಿಲ್ಲದೆ ಮುಗಿಯುವಂತೆ ಕಾಣುತ್ತಿತ್ತು. ಚಂದ್ರಪ್ರಭಾ ಅವರ ಮುಖದಲ್ಲಿ ಬೆಳಗಿನಿಂದ ಬಿಗಿದಿದ್ದ ಒಂದು ಎಳೆ ಸಡಿಲಾಯಿತು. ಮೊರಿತಾ ಸಾನ್ ಚಂದ್ರಪ್ರಭಾ ಅವರನ್ನು ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದ್ದನ್ನು ನಾನೇ ಕಂಡೆ. ಆಗ ಪದ್ಮನಾಭ ಸರ್ ಮತ್ತೆ ಮೈಕ್ ಹಿಡಿದರು.

"ಈಗ ಸನ್ಮಾನ!"

ಸನ್ಮಾನವಿಲ್ಲದ ಸಭೆಯನ್ನು ನಮ್ಮ ಕಡೆ ಸಭೆ ಎನ್ನುವುದಿಲ್ಲ. ಊರಿನಿಂದಲೇ ಪೇಟ, ಶಾಲು, ಕೊಬ್ಬರಿ ಹಾರಗಳು ಬಂದಿದ್ದವು. ಇಡೀ ಇಡೀ ಕೊಬ್ಬರಿ ಗಿಟುಕುಗಳನ್ನು ಪೋಣಿಸಿ, ನಡುವೆ ಜರಿ ಕಟ್ಟಿದ ಹಾರ ನಮ್ಮ ಭಾಗದ ಹೆಮ್ಮೆ. ಕೊರಳಿಗೆ ಬಿದ್ದರೆ ಎಂಥ ದೊಡ್ಡ ಮನುಷ್ಯನೂ ತಾನಾಗಿ ತಲೆತಗ್ಗಿಸುತ್ತಾನೆ. ಮೊರಿತಾ ಸಾನ್ ಅವರಿಗೆ ಹಾಕಿದರು. ಅವರು ಎಂದಿಗಿಂತ ಆಳವಾಗಿ ಬಗ್ಗಿದರು. ಬಗ್ಗಿದ್ದೋ ಜಗ್ಗಿದ್ದೋ ಹೇಳುವುದು ಕಷ್ಟ. ತಟ್ಟೆ ಹಿಡಿಯಲು ಹುಡುಗಿಯರು ಯಾರೂ ಹತ್ತಿರವಿಲ್ಲದ್ದರಿಂದ ಚಂದ್ರಪ್ರಭಾ ಒಂದು ಕೈಯಲ್ಲಿ ಮೈಕ್, ಇನ್ನೊಂದರಲ್ಲಿ ತಟ್ಟೆ ಹಿಡಿದು ನಿಂತಿದ್ದರು. ತಟ್ಟೆಯಲ್ಲಿ ಇನ್ನೂ ಒಂದು ಹಾರವಿತ್ತು. ಅದು ಯಾರಿಗೆ ಎಂದು ನಾನು ಸ್ಪಂದನಾಳ ಮುಖ ನೋಡಿದೆ. ಅವಳು ಕಣ್ಣಲ್ಲೇ ಚಂದ್ರಕ್ಕನನ್ನು ತೋರಿಸಿದಳು. ನಾವಿಬ್ಬರೂ ಇನ್ನೂ ಎರಡನೇ ವರ್ಷದ ಬಿ.ಎ.ಯಲ್ಲಿದ್ದೆವು.

"ಇವತ್ತಿನ ಈ ಐತಿಹಾಸಿಕ ಕಾರ್ಯಕ್ರಮದ ರೂವಾರಿ," ಎಂದು ಪದ್ಮನಾಭ ಸರ್ ದನಿ ಏರಿಸಿದರು, "ಏಪ್ರಿಲ್‌ನಿಂದ ಹಗಲು ರಾತ್ರಿ ದುಡಿದ, ಕನ್ನಡಾಂಬೆಯ ಹೆಮ್ಮೆಯ ಪುತ್ರ, ನಮ್ಮ ಶ್ರೀಕಂಠ ಅವರು ವೇದಿಕೆಗೆ ಬರಬೇಕು!"

ಶ್ರೀಕಂಠ ಆಗಷ್ಟೇ ಬಾಗಿಲಲ್ಲಿ ಕಾಣಿಸಿಕೊಂಡಿದ್ದರು. ಕೊರಳಲ್ಲಿ ಇನ್ನೂ ಆಫೀಸಿನ ಗುರುತಿನ ಚೀಟಿ. "ಅಯ್ಯೋ, ನಾನಾ? ಇದೆಲ್ಲಾ ಯಾಕೆ ಸರ್" ಎನ್ನುತ್ತ ಬೇಗಬೇಗನೆ ಮೆಟ್ಟಿಲು ಹತ್ತಿದರು. ಪೇಟ ಏರಿತು, ಶಾಲು ಬಂತು. ಹಾರವನ್ನು ಚಂದ್ರಪ್ರಭಾ ಹಿಡಿದಿದ್ದ ತಟ್ಟೆಯಿಂದಲೇ ಎತ್ತಿದರು.

"ತಾಯೀ, ಇದನ್ನ ಅವರ ಭಾಷೇಲಿ ಹೇಳ್ಬಿಡಮ್ಮ. ಎಲ್ಲಾ ಇವರದೇ ಶ್ರಮ ಅಂತ. ಚೆನ್ನಾಗಿ ಹೇಳು, ನಿನ್ನ ಯಜಮಾನರ ವಿಷಯ" ಎಂದು ಪದ್ಮನಾಭ ಸರ್ ನಕ್ಕರು.

ಚಂದ್ರಪ್ರಭಾ ಮೈಕನ್ನು ಬಾಯಿಯ ಹತ್ತಿರ ತಂದರು. ಹೊರಗಿನವರ ಮುಂದೆ ಸ್ವಂತ ಗಂಡನನ್ನು ಹೊಗಳುವುದೆಂದರೆ ಏನೆಂದು ಆ ಸಭಾಂಗಣದ ಕನ್ನಡಿಗರಲ್ಲಿ ಅವರಿಗೂ ಅವರ ಮಗಳಿಗೂ ಮಾತ್ರ ಗೊತ್ತಿತ್ತು. ಆಮೇಲೆ ನಿಧಾನವಾಗಿ, ಬಹಳ ಸುಂದರವಾದ ಜಪಾನಿಯಲ್ಲಿ, ಮೂರು ವಾಕ್ಯ ಹೇಳಿ ಬಗ್ಗಿದರು.

ಶರಣ್ಯಾಳ ಬಾಯಿ ತೆರೆದೇ ಇತ್ತು.

"ಏನಂದ್ರು?"

"ಅಮ್ಮ ಹೇಳಿದ್ದು, 'ಇವ್ರು ನನ್ನ ಗಂಡ. ಯೂಸ್‌ಲೆಸ್ ಮನುಷ್ಯ, ಇದಕ್ಕೆ ಇವ್ರು ಏನೂ ಮಾಡಿಲ್ಲ. ಆದ್ರೂ ನೀವೆಲ್ಲ ದೊಡ್ಡ ಮನಸ್ಸು ಮಾಡಿ ಗೌರವಿಸ್ತಿದೀರ.'" ಅವಳು ಉಸಿರು ಎಳೆದುಕೊಂಡಳು. "ಹಾಗೇ ಹೇಳ್ಬೇಕು. ಇಟ್ಸ್ ಪರ್ಫೆಕ್ಟ್ ಮ್ಯಾನರ್ಸ್. ಬಟ್ ಆಲ್ಸೋ... ಟ್ರೂ."

ಹನ್ನೊಂದು ವರ್ಷದಲ್ಲಿ ಚಂದ್ರಪ್ರಭಾ ಸಾರ್ವಜನಿಕವಾಗಿ ಹೇಳಿದ ಸತ್ಯ ಅದೊಂದೇ ಇರಬೇಕು. ಅದಕ್ಕೆ ಸಿಕ್ಕಷ್ಟು ಚಪ್ಪಾಳೆ ಇಡೀ ಸಂಜೆ ಯಾವುದಕ್ಕೂ ಸಿಗಲಿಲ್ಲ. ಇಂಥ ಸುಸಂಸ್ಕೃತ ಹೆಂಡತಿ ಇಷ್ಟು ಇಳಿಸಿ ಮಾತಾಡಬೇಕಾದರೆ ಆ ಗಂಡ ಎಷ್ಟು ದೊಡ್ಡವನಿರಬೇಕು ಎಂದು ಸಭೆ ಲೆಕ್ಕ ಹಾಕಿತು. ಮೊರಿತಾ ಸಾನ್ ಕಣ್ಣಲ್ಲಿ ನೀರಾಡಿದಂತಿತ್ತು. ಶ್ರೀಕಂಠ ಪೇಟ ಸರಿಮಾಡಿಕೊಂಡು ನಾಲ್ಕೂ ದಿಕ್ಕಿಗೆ ಕೈಮುಗಿದರು. "ಏನ್ ಹೇಳ್ದೆ? ಸಖತ್ ರೆಸ್ಪಾನ್ಸ್!" ಎಂದು ಹೆಂಡತಿಯ ಕಿವಿಯಲ್ಲಿ ಕೇಳಿದ್ದು ಮೈಕಿನಲ್ಲಿ ಬಂತು.

ಸಭೆ ಮುಗಿದು ಪಡಸಾಲೆಯಲ್ಲಿ ಪುಳಿಯೋಗರೆ ಹಂಚುತ್ತಿದ್ದಾಗ ಮೊರಿತಾ ಸಾನ್ ಬಂದರು. ಹಾರ ತೆಗೆದಿದ್ದರು, ಕೊರಳಲ್ಲಿ ಅದರ ಗೆರೆ ಕೆಂಪಾಗಿ ಉಳಿದಿತ್ತು. ಚಂದ್ರಪ್ರಭಾ ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡರು. ಆ ಮುಖವನ್ನು ನಾನು ಮರೆಯಲಾರೆ. ಪರೀಕ್ಷೆಯ ಫಲಿತಾಂಶದ ದಿನ ಕಾಲೇಜಿನ ಬೋರ್ಡಿನ ಮುಂದೆ ಅಂಥ ಮುಖಗಳಿರುತ್ತವೆ.

ಮೊರಿತಾ ಸಾನ್ ಚಂದ್ರಪ್ರಭಾ ಅವರನ್ನು ದಾಟಿ ಶ್ರೀಕಂಠ ಅವರ ಮುಂದೆ ನಿಂತು, ಎರಡೂ ಕೈಯಲ್ಲಿ ತಮ್ಮ ಕಾರ್ಡು ನೀಡಿ, ಏನೋ ದೀರ್ಘವಾಗಿ ಹೇಳಿದರು. ಶ್ರೀಕಂಠ ಅವರ ಜಪಾನಿ, ಹೌದು ಎಂಬರ್ಥದ 'ಹಾಯ್' ಎಂಬಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. "ಹಾಯ್, ಹಾಯ್" ಎಂದು ಹೆಂಡತಿಯ ಕಡೆ ತಿರುಗಿದರು. "ಏನಂತೆ?"

ಚಂದ್ರಪ್ರಭಾ ಅನುವಾದಿಸಿದರು. ಇಡೀ ದಿನ ಅವರು ಒಂದಕ್ಷರವನ್ನೂ ಬಿಡದೆ ಅನುವಾದಿಸಿದ್ದು ಇದನ್ನೇ.

"ಏಪ್ರಿಲ್‌ನಿಂದ ಅವ್ರ ಆಫೀಸಲ್ಲಿ ಇಂಡಿಯಾ ಕೋಆರ್ಡಿನೇಟರ್ ಕೆಲಸ ಇದೆಯಂತೆ. ಇಷ್ಟು ದಿನ ನಿಮ್ಮ ಹೆಂಡತೀನ ಕಳಿಸಿ ನೀವು ಎಷ್ಟು ಅಚ್ಚುಕಟ್ಟಾಗಿ ಎಲ್ಲ ನಡೆಸಿದ್ರಿ ಅಂತ ನೋಡಿದಾರಂತೆ. ದಯವಿಟ್ಟು ಆ ಕೆಲಸ ನೀವು ಒಪ್ಕೋಬೇಕಂತೆ."

"ನಾನಾ! ವಾವ್." ಶ್ರೀಕಂಠ ಪೇಟ ತೆಗೆದು ಮತ್ತೆ ಹಾಕಿಕೊಂಡರು. "ಫುಲ್ ಟೈಮ್ ಆಗಲ್ಲ ಅನ್ನು. ಬಟ್ ಐ ಆಮ್ ಆನರ್ಡ್ ಅನ್ನು. ವೀಕೆಂಡ್ ಮ್ಯಾನೇಜ್ ಮಾಡ್ಬಹುದು, ಹೇಗೂ ನೀನಿರ್ತೀಯಲ್ಲ ನೋಡ್ಕೊಳಕ್ಕೆ. ಹೇಳು."

ಚಂದ್ರಪ್ರಭಾ ಹೇಳಿದ್ದು ಚಿಕ್ಕದು. ಮೊರಿತಾ ಸಾನ್ ಬಗ್ಗಿ, ಕೈಗಡಿಯಾರ ನೋಡಿ, ಆಫೀಸಿನ ಕಟ್ಟಡದ ಕಡೆ ಹೊರಟುಹೋದರು. ಯಜಮಾನರು ಯೋಚಿಸಿ ಹೇಳುತ್ತಾರೆ ಎಂದಳಂತೆ ಅಮ್ಮ. ಇವತ್ತು ಆಫೀಸು ಮುಚ್ಚುವುದರೊಳಗೆ ತಿಳಿಸಿದರೆ ಸಾಕು, ನಾಳೆ ಮೇಲಿನವರಿಗೆ ಹೆಸರು ಕಳಿಸಬೇಕು ಎಂದರಂತೆ ಅವರು. ಶರಣ್ಯಾ ಇದನ್ನು ಹೇಳುವಾಗ ಅವಳ ಮುಖದ ದಣಿದ ಶಾಂತಿ ಇರಲಿಲ್ಲ. "ಅಮ್ಮ ಯಾಕೆ ಹೇಳ್ಲಿಲ್ಲ? ವೈ ಡಿಡಂಟ್ ಶೀ ಜಸ್ಟ್ ಸೇ ಇಟ್?" ಎಂದು ನನ್ನನ್ನೇ ಕೇಳಿದಳು. ನನಗೆ ಗೊತ್ತಿದ್ದ ಉತ್ತರ ಕನ್ನಡದಲ್ಲಿತ್ತು, ಅವಳಿಗದು ಅರ್ಥವಾಗುತ್ತಿರಲಿಲ್ಲ. ಅಥವಾ ಚೆನ್ನಾಗಿಯೇ ಅರ್ಥವಾಗುತ್ತಿತ್ತು.

ಬಸ್ ಸ್ಟಾಪ್ ಗೇಟಿನ ಹೊರಗೇ ಇತ್ತು. ರಸ್ತೆಯ ಗಿಂಕ್ಗೊ ಮರಗಳೆಲ್ಲ ಹಳದಿಯಾಗಿ, ಎಲೆಗಳು ಸದ್ದಿಲ್ಲದೆ ಒಂದೊಂದಾಗಿ ಇಳಿಯುತ್ತಿದ್ದವು. ಪದ್ಮನಾಭ ಸರ್ ಸಲಹೆಗಾರರಿಗೆ ಪತ್ರಿಕಾ ಹೇಳಿಕೆ ಬರೆಸುತ್ತಿದ್ದರು: 'ಜಪಾನಿನಲ್ಲಿ ಮೊಳಗಿದ ಕನ್ನಡ ಡಿಂಡಿಮ'. ಖಾಲಿ ಡಬ್ಬಿಗಳ ಚೀಲ, ಹಿತ್ತಾಳೆಯ ದೀಪದ ಕಂಬ, ಗಂಡನ ಶಾಲು, ಗಂಡನ ಹಾರ ಎಲ್ಲವೂ ಚಂದ್ರಪ್ರಭಾ ಅವರ ಕೈಯಲ್ಲಿದ್ದವು. ಶ್ರೀಕಂಠ ಪೇಟದಲ್ಲೇ ನಿಂತು ಫೋನಿನಲ್ಲಿ ಫೋಟೋ ನೋಡುತ್ತಿದ್ದರು.

"ಚಂದ್ರಾ, ಇದ್ರಲ್ಲಿ ನೀನೂ ಬಂದಿದೀಯ ನೋಡು. ಕೈ ಮಾತ್ರ. ತಟ್ಟೆ ಹಿಡ್ಕೊಂಡಿರೋದು."

ಅವರು ನೋಡಿದರು. "ಚೆನ್ನಾಗಿದೆ."

"ಆ ಜಾಬ್ ಬಗ್ಗೆ ಅಮ್ಮನಿಗೆ ಫೋನ್ ಮಾಡಿ ಹೇಳ್ಬೇಕು. ಯೂನಿವರ್ಸಿಟೀಲಿ ಪೋಸ್ಟ್ ಅಂದ್ರೆ ಸುಮ್ನೇನಾ! ನೀನು ಮೊರಿತಾ ಸಾನ್‌ಗೆ ಒಂದು ಮೇಲ್ ಡ್ರಾಫ್ಟ್ ಮಾಡ್ಬಿಡು, ಮನೆಗೆ ಹೋಗ್ತಾ ಟ್ರೇನಲ್ಲೇ. ನಾನು ನೋಡಿ ಸೆಂಡ್ ಮಾಡ್ತೀನಿ."

ಬಸ್ಸು ತಿರುವಿನಲ್ಲಿ ಕಾಣಿಸಿತು. ಎಲ್ಲರೂ ಚೀಲಗಳನ್ನೆತ್ತಿಕೊಂಡರು. ಚಂದ್ರಪ್ರಭಾ ಮಾತ್ರ ಡಬ್ಬಿಗಳ ಚೀಲವನ್ನು ಗಂಡನ ಬಲಗೈಗೆ ಸಿಕ್ಕಿಸಿದರು. ಶಾಲನ್ನು ಭುಜದ ಮೇಲಿಟ್ಟರು. ಹಾರವನ್ನು ಮತ್ತೆ ಕೊರಳಿಗೆ ಹಾಕಿದರು. ಶ್ರೀಕಂಠ ಅಭ್ಯಾಸಬಲದಿಂದ ತಲೆತಗ್ಗಿಸಿದರು. ದೀಪದ ಕಂಬ ಎಡಗೈಗೆ ಹೋಯಿತು.

"ಏನೇ ಇದು? ಬಸ್ ಬಂತು."

"ನೀವು ಹತ್ತಿ. ನಿಧಿ, ಸ್ಪಂದನಾ, ಇವ್ರ ಜೊತೆ ಹೋಗಿ. ಶರಣ್ಯಾಗೆ ದಾರಿ ಗೊತ್ತು."

"ನೀನು?"

"ಆಫೀಸ್ ಇನ್ನೂ ತೆಗ್ದಿರತ್ತೆ."

"ಅರೆ, ಮೇಲ್ ಮಾಡಿದ್ರೆ ಸಾಕು ಅಂದೆನಲ್ಲ! ಅಲ್ಲ, ಈಗ ಹೋಗಿ ಏನಂತ ಹೇಳ್ತೀಯ? ಎಲ್ಲರ ಮುಂದೆ ಸನ್ಮಾನ ಆಗಿದೆ ನಂಗೆ. ಅವ್ರು ಏನಂದ್ಕೊತಾರೆ?"

"ಅದನ್ನೂ ಕೇಳ್ಕೊಂಡು ಬರ್ತೀನಿ."

"ಚಂದ್ರಾ, ರಾತ್ರಿ ಇವ್ರಿಗೆಲ್ಲ ಊಟ?"

ಅವರು ಆಗಲೇ ಗೇಟಿನ ಕಡೆ ತಿರುಗಿ ನಡೆಯತೊಡಗಿದ್ದರು. ನಡಿಗೆಯಲ್ಲಿ ಬೆಳಗಿನ ಬಗ್ಗುವಿಕೆ ಇರಲಿಲ್ಲ. ಬಸ್ಸಿನ ಬಾಗಿಲು ಉಸಿರು ಬಿಟ್ಟು ತೆರೆಯಿತು. ಅದರ ಸದ್ದನ್ನು ಮೀರಿಸಲು ಅವರು ಹಿಂತಿರುಗಿ ನೋಡದೆಯೇ ದನಿ ಏರಿಸಿದರು.

"ಅಕ್ಕಿ ಮೇಲಿನ ಡಬ್ಬೀಲಿದೆ ಕಣ್ರೀ! ಒಂದಕ್ಕೆ ಎರಡು ನೀರು, ಕುಕ್ಕರ್ ನೀವೇ ಇಡಿ. ಸಾರಿಗೆ ಒಗ್ಗರಣೆ ನಾನು ಬಂದು ಹಾಕ್ತೀನಿ, ಅಷ್ಟರಲ್ಲಿ ಮೊರಿತಾ ಸಾನ್‌ಗೆ ಹೋಗಿ ಹೇಳ್ತೀನಿ, ನೋಡಿ, ಏಪ್ರಿಲ್‌ನಿಂದ ಇಲ್ಲಿಗೆ ಬರ್ತಾ ಇದ್ದಿದ್ದು ಯಾರ ಪರವಾಗಿನೂ ಅಲ್ಲ, ಇದಷ್ಟನ್ನೂ ಮಾಡಿದ್ದು ನಾನೇ, ಆ ಕೆಲಸ ನನಗೇ ಬೇಕು ಅಂತ!"